ಪೈಥಾನ್ ಫೈಲ್‌ಗಳು ಹೀಗೇಕೆ ಆಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೈಥಾನ್ ಕಲಿಯುವವರು, ದಿನವೂ ಅದರಲ್ಲೇ ಕೆಲಸ ಮಾಡುವವರು ಫೈಲ್‌ಗಳ ಬಗ್ಗೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಅಧಿಕೃತ ಡಾಕ್ಯುಮೆಂಟೇಷನ್‌ನಲ್ಲಿ ಉತ್ತರವೇ ಇಲ್ಲ. ಕೆಲವಕ್ಕೆ ಇದೆ, ಆದರೆ ಯಾರ ಕಣ್ಣಿಗೂ ಬೀಳದ ಅಡಿಟಿಪ್ಪಣಿಯಲ್ಲಿ. ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಕೋಡ್‌ನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಬೇರೆ ಹೇಳದ ಕಡೆಯೆಲ್ಲ ಮಾತು ಮಾಮೂಲಿ ಪೈಥಾನ್ 3ರದ್ದು, ಅಂದರೆ ಸಿಪೈಥಾನ್‌ನದು.

## ಶುರುವಿನ ಪ್ರಶ್ನೆಗಳು

ರೈಟ್ ಮಾಡಿದೆ, ಎರರ್ ಬರಲಿಲ್ಲ. ಫೈಲ್ ತೆರೆದು ನೋಡಿದರೆ ಖಾಲಿ. ಬರೆದದ್ದು ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ, ಇನ್ನೂ ನಿಮ್ಮ ಪ್ರೋಗ್ರಾಮಿನ ಮೆಮೊರಿಯಲ್ಲೇ ಇದೆ. ಓಪನ್ ಕೊಡುವ ಫೈಲ್ ಆಬ್ಜೆಕ್ಟ್ ನೋಡಲು ಒಂದು, ಒಳಗೆ ಮೂರು. ಮೇಲೆ ಅಕ್ಷರಗಳನ್ನು ಬೈಟ್‌ಗಳಾಗಿ ಮಾಡುವ ಟೆಕ್ಸ್ಟ್ ಪದರ. ನಡುವೆ ಬೈಟ್‌ಗಳನ್ನು ಕೂಡಿಡುವ ಬಫರ್. ತಳದಲ್ಲಿ ಆಪರೇಟಿಂಗ್ ಸಿಸ್ಟಮ್ ಜೊತೆ ನೇರವಾಗಿ ಮಾತಾಡುವ ಕಚ್ಚಾ ಪದರ. ಬಫರ್ ತುಂಬಬೇಕು, ಇಲ್ಲವೇ ನೀವು ಫ್ಲಶ್ ಅಥವಾ ಕ್ಲೋಸ್ ಮಾಡಬೇಕು, ಆಗಲೇ ಬೈಟ್‌ಗಳು ಹೊರಗೆ ಹೋಗುವುದು. ಬಹಳ ವರ್ಷ ಈ ಬಫರ್‌ನ ಮಾಮೂಲಿ ಅಳತೆ 8192 ಬೈಟ್ ಇತ್ತು. ನೀವು ಬರೆದ ನಾಲ್ಕು ಸಾಲು ಅದರ ಮೂಲೆಗೂ ಸಾಲದು.

ಈ ಮೂರು ಪದರಗಳ ವಿನ್ಯಾಸ ಬಂದದ್ದು 2007ರ ಪೆಪ್ 3116ರಿಂದ (ಪೆಪ್ ಅಂದರೆ ಪೈಥಾನ್ ಬದಲಾವಣೆಯ ಪ್ರಸ್ತಾವ). ಪೈಥಾನ್ 2 ಸಿ ಭಾಷೆಯ ಫೈಲ್ ಲೈಬ್ರರಿಯನ್ನೇ ನೆಚ್ಚಿಕೊಂಡಿತ್ತು. ಪೈಥಾನ್ 3 ತನ್ನದನ್ನು ತಾನೇ ಕಟ್ಟಿಕೊಂಡಿತು. ಮುಂದಿನ ಅರ್ಧ ಪ್ರಶ್ನೆಗಳಿಗೆ ಕಾರಣ ಈ ಪದರಗಳೇ.

ವಿತ್ ಇಲ್ಲದೆ, ಓಪನ್ ಮಾಡಿ ಅಲ್ಲೇ ರೀಡ್ ಅಂತ ಒಂದೇ ಸಾಲಲ್ಲಿ ಬರೀತೀನಿ. ಇಷ್ಟು ವರ್ಷ ಏನೂ ಆಗಿಲ್ಲ. ಬಿಡಬೇಕಾ?

ವಿತ್ ತನ್ನ ಬ್ಲಾಕ್ ಮುಗಿದ ಕೂಡಲೇ ಫೈಲನ್ನು ಮುಚ್ಚುತ್ತದೆ. ಅದಿಲ್ಲದೆಯೂ ಏನೂ ಆಗಿಲ್ಲ, ಏಕೆಂದರೆ ಸಿಪೈಥಾನ್ ನಿಮ್ಮನ್ನು ಕಾಪಾಡುತ್ತಿದೆ. ಆಬ್ಜೆಕ್ಟ್ ಯಾರಿಗೂ ಬೇಡವಾದ ಕ್ಷಣವೇ ಅದನ್ನು ಅಳಿಸಿ ಫೈಲ್ ಮುಚ್ಚುತ್ತದೆ. ಇದು ಭಾಷೆ ಕೊಟ್ಟ ಮಾತಲ್ಲ, ಈ ಒಂದು ಇಂಪ್ಲಿಮೆಂಟೇಷನ್‌ನ ಅಭ್ಯಾಸ. ಅದೇ ಕೋಡನ್ನು ಪೈಪೈನಲ್ಲಿ, ಅಂದರೆ ಪೈಥಾನ್‌ನ ಇನ್ನೊಂದು ಇಂಪ್ಲಿಮೆಂಟೇಷನ್‌ನಲ್ಲಿ, ಓಡಿಸಿ ನೋಡಿ. ಅಲ್ಲಿ ಬೇಡವಾದ ಆಬ್ಜೆಕ್ಟ್‌ಗಳ ಕಸ ಗುಡಿಸುವ ಸರದಿ ಬರುವ ತನಕ ಫೈಲ್‌ಗಳು ತೆರೆದೇ ಇರುತ್ತವೆ. ಲೂಪ್‌ನಲ್ಲಿ ಸಾವಿರಾರು ಫೈಲ್ ಓದಿದರೆ 'ಟೂ ಮೆನಿ ಓಪನ್ ಫೈಲ್ಸ್' ಎಂದು ನಿಲ್ಲಬಹುದು. ಅನೇಕ ಲಿನಕ್ಸ್‌ಗಳಲ್ಲಿ ಒಂದು ಪ್ರೋಸೆಸ್‌ಗೆ ಮಾಮೂಲಿ ಮಿತಿ 1024.

3.2ರಿಂದ ಸಿಪೈಥಾನ್ ಇಂಥ ಕಡೆ ರಿಸೋರ್ಸ್ ವಾರ್ನಿಂಗ್ ಕೊಡುತ್ತದೆ, ಆದರೆ ಅದು ಮಾಮೂಲಾಗಿ ಕಾಣುವುದಿಲ್ಲ. ಹೆಚ್ಚಿನ ಎಚ್ಚರಿಕೆ ತೋರಿಸುವ ಡೆವ್ ಮೋಡ್‌ನಲ್ಲಿ ಓಡಿಸಿದರೆ ಎಲ್ಲವೂ ಹೊರಗೆ ಬರುತ್ತದೆ. ಓದುವಾಗ ಹೀಗೆ ಬರೆದರೆ ಹಾಳಾಗಿ ಹೋಗಲಿ ಅನ್ನಬಹುದು. ಬರೆಯುವ ಫೈಲ್‌ಗೆ ಮಾತ್ರ ವಿತ್ ಇಲ್ಲದೆ ಕೈ ಹಾಕಬೇಡಿ.

ಮನೆಯ ಲಿನಕ್ಸ್‌ನಲ್ಲಿ ಸರಿಯಾಗಿ ಓದುವ ಕನ್ನಡ ಫೈಲ್, ಆಫೀಸಿನ ವಿಂಡೋಸ್‌ನಲ್ಲಿ ಒಮ್ಮೆ ಕಸ ತೋರಿಸುತ್ತೆ, ಒಮ್ಮೆ ಎರರ್ ಕೊಟ್ಟು ಬೀಳುತ್ತೆ. ಒಂದೇ ಕೋಡ್, ಎರಡು ರೋಗ ಯಾಕೆ?

ಎನ್‌ಕೋಡಿಂಗ್ (ಯಾವ ಅಕ್ಷರಕ್ಕೆ ಯಾವ ಬೈಟ್ ಎನ್ನುವ ಪಟ್ಟಿ) ಹೇಳದೆ ಓಪನ್ ಮಾಡಿದರೆ ಪೈಥಾನ್ ಸಿಸ್ಟಮ್‌ನ ಲೊಕೇಲ್, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗ್, ಕೇಳುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8. 'ಇಂಗ್ಲಿಷ್ (ಇಂಡಿಯಾ)' ಎಂದು ಇಟ್ಟುಕೊಂಡ ವಿಂಡೋಸ್‌ನಲ್ಲಿ ಸಿಪಿ1252, ಅಂದರೆ ಪಶ್ಚಿಮ ಯುರೋಪಿನ ಹಳೆಯ ಪಟ್ಟಿ.

ಎರಡು ರೋಗದ ಗುಟ್ಟು ಇಲ್ಲಿದೆ. ಯುಟಿಎಫ್-8ನಲ್ಲಿ ಪ್ರತಿ ಕನ್ನಡ ಚಿಹ್ನೆಗೆ ಮೂರು ಬೈಟ್. ಸಿಪಿ1252ರಲ್ಲಿ 256 ಜಾಗಗಳಿವೆ, ಅದರಲ್ಲಿ ಐದು ಖಾಲಿ. ಕೊಂಬಿನ (ು) ಮೂರನೇ ಬೈಟ್ ಹೆಕ್ಸ್‌ನಲ್ಲಿ 81, ಅರ್ಧಾಕ್ಷರ ಚಿಹ್ನೆಯದು (್) 8ಡಿ. ಇವೆರಡೂ ಆ ಖಾಲಿ ಜಾಗಗಳಿಗೇ ಬೀಳುತ್ತವೆ. ಏ, ಐ, ಝ ಅಕ್ಷರಗಳ ಹಣೆಬರಹವೂ ಅಷ್ಟೇ. ಹಾಗಾಗಿ 'ಮರ', 'ಮನೆ', 'ಗಿಡ' ಮಾತ್ರ ಇರುವ ಫೈಲ್ ಎರರ್ ಇಲ್ಲದೆ ಕಸವಾಗಿ ಓದಿಸಿಕೊಳ್ಳುತ್ತದೆ. 'ಊರು' ಅಥವಾ 'ಅಮ್ಮ' ಬಂದ ಕೂಡಲೇ ಪ್ರೋಗ್ರಾಮ್ ಬೀಳುತ್ತದೆ. ಒತ್ತಕ್ಷರವೂ ಕೊಂಬೂ ಇಲ್ಲದ ಕನ್ನಡ ಎಷ್ಟಿರುತ್ತದೆ, ಹೇಳಿ! ನಿಜಕ್ಕೂ ಅದು ನಮ್ಮ ಅದೃಷ್ಟ. ಬೀಳುವ ಪ್ರೋಗ್ರಾಮ್ ಕಣ್ಣಿಗೆ ಬೀಳುತ್ತದೆ, ಸುಮ್ನೆ ಕಸ ತುಂಬುವುದು ಡೇಟಾಬೇಸ್ ಸೇರಿದ ಮೇಲೆ ಗೊತ್ತಾಗುತ್ತದೆ.

ಓಪನ್‌ಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಯಾವಾಗಲೂ ಕೊಡಿ. ಮರೆತ ಕಡೆ ಹುಡುಕಲು 3.10ರಲ್ಲಿ ಎನ್‌ಕೋಡಿಂಗ್ ವಾರ್ನಿಂಗ್ ಬಂದಿದೆ, ಅದನ್ನು ನೀವೇ ಆನ್ ಮಾಡಿಕೊಳ್ಳಬೇಕು. 3.15ರಿಂದ ಯುಟಿಎಫ್-8 ಅನ್ನೇ ಮಾಮೂಲು ಮಾಡುವ ತೀರ್ಮಾನ ಪೆಪ್ 686ರಲ್ಲಿದೆ. ಆದರೆ ಆಫೀಸಿನ ಮಷೀನ್‌ನಲ್ಲಿ ಯಾವ ಆವೃತ್ತಿ ಇರುತ್ತದೋ ಯಾರಿಗೆ ಗೊತ್ತು, ಬರೆದುಬಿಡುವುದೇ ಒಳ್ಳೆಯದು.

'ಕನ್ನಡ' ಅಂತ ಬರೆದರೆ ರೈಟ್ 5 ಅನ್ನುತ್ತೆ, ಫೈಲ್ ಸೈಜ್ 15 ಅನ್ನುತ್ತೆ, ನನ್ನ ಕಣ್ಣಿಗೆ 3 ಅಕ್ಷರ. ಯಾವುದು ಸರಿ?

ಮೂರೂ. ಟೆಕ್ಸ್ಟ್ ಪದರ ಎಣಿಸುವುದು ಯುನಿಕೋಡ್ ಚಿಹ್ನೆಗಳನ್ನು: ಕ, ನ, ್, ನ, ಡ. ಡಿಸ್ಕ್ ಎಣಿಸುವುದು ಬೈಟ್‌ಗಳನ್ನು. ರೀಡ್‌ಗೆ 2 ಎಂದು ಕೊಟ್ಟರೆ 'ಕನ' ಬರುತ್ತದೆ, ಒತ್ತು ಹಿಂದೆ ಉಳಿಯುತ್ತದೆ. ಎರರ್ ಏನೂ ಬರುವುದಿಲ್ಲ. ಕನ್ನಡ ಪಠ್ಯವನ್ನು ಇಂತಿಷ್ಟು ಅಕ್ಷರ ಎಂದು ತುಂಡು ಮಾಡಿ ಓದುವ ಯೋಚನೆ ಇದ್ದರೆ ಕೈಬಿಡಿ, ಸಾಲಿನ ಲೆಕ್ಕದಲ್ಲಿ ಓದಿ.

ಸಿಎಸ್‌ವಿ ಬರೆದರೆ ವಿಂಡೋಸ್‌ನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಖಾಲಿ. ಎಕ್ಸೆಲ್‌ನಲ್ಲಿ ಕನ್ನಡವೂ ಕೆಟ್ಟಿದೆ.

ಎರಡೂ ಬೇರೆ ಬೇರೆ ಸಮಸ್ಯೆ. ಸಿಎಸ್‌ವಿ ಮಾಡ್ಯೂಲ್ ತಾನೇ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್, ನ್ಯೂಲೈನ್ ಎರಡನ್ನೂ ಹಾಕುತ್ತದೆ. ವಿಂಡೋಸ್‌ನ ಟೆಕ್ಸ್ಟ್ ಪದರ ಆ ನ್ಯೂಲೈನ್ ನೋಡಿ ಇನ್ನೊಂದು ಕ್ಯಾರೇಜ್ ರಿಟರ್ನ್ ಸೇರಿಸುತ್ತದೆ. ಓಪನ್ ಮಾಡುವಾಗ ನ್ಯೂಲೈನ್ ಆರ್ಗ್ಯುಮೆಂಟ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಟೆಕ್ಸ್ಟ್ ಪದರ ಸುಮ್ಮನಿರುತ್ತದೆ. ಇದು ಡಾಕ್ಯುಮೆಂಟೇಷನ್‌ನಲ್ಲಿದೆ, ಅಡಿಟಿಪ್ಪಣಿಯಾಗಿ.

ಎಕ್ಸೆಲ್‌ಗೆ ಫೈಲ್ ಯುಟಿಎಫ್-8 ಎಂದು ಗೊತ್ತಾಗಲು ಮೊದಲಲ್ಲಿ ಗುರುತಿನ ಮೂರು ಬೈಟ್ ಬೇಕು. ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಪೈಥಾನ್ ಅದನ್ನು ಸೇರಿಸುತ್ತದೆ. ಆ ಫೈಲನ್ನು ವಾಪಸ್ ಓದುವಾಗಲೂ ಸಿಗ್ ಎಂದೇ ಓದಿ. ಇಲ್ಲದಿದ್ದರೆ ಮೊದಲ ಕಾಲಮ್‌ನ ಹೆಸರಿಗೆ ಕಾಣದ ಒಂದು ಚಿಹ್ನೆ ಅಂಟಿಕೊಂಡು 'ಹೆಸರು ಕಾಲಮ್ ಇಲ್ಲ' ಎನ್ನುವ ಕೀ ಎರರ್ ಬರುತ್ತದೆ. ಪರದೆ ಮೇಲೆ ನೋಡಿದರೆ ಇದ್ದೇ ಇದೆ, ಅಲ್ವಾ!

## ಸ್ವಲ್ಪ ಪಳಗಿದವರ ಪ್ರಶ್ನೆಗಳು

ಆರ್+ (ಓದುವ, ಬರೆಯುವ) ಮೋಡ್‌ನಲ್ಲಿ ಮೊದಲ ಸಾಲು ಓದಿ ಎರಡನೇ ಸಾಲಿನ ಮೇಲೆ ಬರೆಯಲು ಹೋದೆ. ಅದು ಫೈಲಿನ ಕೊನೆಗೆ ಹೋಗಿ ಕೂತಿದೆ. ಬಗ್ ಅಲ್ವಾ ಇದು?

ಬಗ್ ಎಂದು ಅನೇಕರು ದೂರಿದ್ದಾರೆ. ನಡೆಯುವುದು ಇಷ್ಟು. ಫೈಲ್‌ನಲ್ಲಿ ಮೂರು ಸಾಲು ಇವೆ ಅಂದುಕೊಳ್ಳಿ: ಹಾಲು, ಮೊಸರು, ಬೆಣ್ಣೆ. ನೀವು ರೀಡ್‌ಲೈನ್ ಅಂದಾಗ ಟೆಕ್ಸ್ಟ್ ಪದರ ಒಂದು ಸಾಲಿಗಷ್ಟೇ ಹೋಗುವುದಿಲ್ಲ, ಒಮ್ಮೆಗೆ ಸಾವಿರಾರು ಬೈಟ್ ಎತ್ತಿಕೊಂಡು ಬರುತ್ತದೆ. ಪುಟ್ಟ ಫೈಲ್ ಆದರೆ ಅಲ್ಲಿಗೆ ಇಡೀ ಫೈಲ್ ಮುಗಿಯಿತು. ನಿಮಗೆ 'ಹಾಲು' ಕೊಟ್ಟು ಉಳಿದದ್ದನ್ನು ಕೈಯಲ್ಲೇ ಇಟ್ಟುಕೊಳ್ಳುತ್ತದೆ. ಕೆಳಗಿನ ಪದರದ ಲೆಕ್ಕದಲ್ಲಿ ನೀವಾಗಲೇ ಕೊನೆಯಲ್ಲಿದ್ದೀರಿ. ಈಗ 'ತುಪ್ಪ' ಎಂದು ರೈಟ್ ಮಾಡಿದರೆ ಅದು ಬೆಣ್ಣೆಯ ನಂತರ ಬೀಳುತ್ತದೆ. ದೊಡ್ಡ ಫೈಲ್ ಆದರೆ ಇನ್ನೂ ಫಜೀತಿ, ನಡುವೆ ಎಲ್ಲೋ ಬೀಳುತ್ತದೆ.

ಟೆಲ್ ಈಗಿನ ಸ್ಥಾನ ಹೇಳುತ್ತದೆ, ಸೀಕ್ ಹೇಳಿದ ಸ್ಥಾನಕ್ಕೆ ಹೋಗುತ್ತದೆ. ಬರೆಯುವ ಮೊದಲು ಟೆಲ್ ಕೊಟ್ಟ ಸಂಖ್ಯೆಯನ್ನೇ ಸೀಕ್‌ಗೆ ಕೊಡಿ. ನೋಡಲು ಅರ್ಥವಿಲ್ಲದ ಸಾಲು, ಆದರೆ ಪದರಗಳು ಒಂದೇ ಜಾಗಕ್ಕೆ ಬರುತ್ತವೆ. ಈಗ 'ತುಪ್ಪ' ಸರಿಯಾಗಿ 'ಮೊಸರು' ಮೇಲೆ ಕೂರುತ್ತದೆ, ಏಕೆಂದರೆ ಎರಡೂ 15 ಬೈಟ್. 'ಮಜ್ಜಿಗೆ' ಬರೆದು ನೋಡಿ. ಅದು 21 ಬೈಟ್. ಮೊಸರನ್ನು ನುಂಗಿ, ಸಾಲಿನ ಕೊನೆಯ ನ್ಯೂಲೈನ್ ನುಂಗಿ, ಬೆಣ್ಣೆಯ ಮೊದಲ ಐದು ಬೈಟ್‌ಗಳನ್ನೂ ನುಂಗುತ್ತದೆ. 'ಬೆ'ಯ ಎತ್ವ ಚಿಹ್ನೆಯ ಒಂದು ಬೈಟ್ ಅನಾಥವಾಗಿ ಉಳಿಯುತ್ತದೆ. ಮುಂದಿನ ಸಲ ಫೈಲ್ ಓದಿದರೆ ಡಿಕೋಡ್ ಎರರ್. (ಲಿನಕ್ಸ್ ಲೆಕ್ಕ ಇದು, ಅಲ್ಲಿ ನ್ಯೂಲೈನ್ ಒಂದೇ ಬೈಟ್.) ನನ್ನ ಸಲಹೆ ಕೇಳಿದರೆ, ಟೆಕ್ಸ್ಟ್ ಫೈಲ್‌ನ ನಡುವೆ ತಿದ್ದುವ ಆಸೆ ಬೇಡ. ಪೂರ್ತಿ ಓದಿ, ತಿದ್ದಿ, ಪೂರ್ತಿ ಬರೆಯಿರಿ.

ಜೇಸನ್ ಫೈಲ್ ಓದಿ, ಸೀಕ್ 0 ಮಾಡಿ, ವಾಪಸ್ ಬರೆದೆ. ಕೆಲವು ಸಲ ಕೊನೆಯಲ್ಲಿ ಹೆಚ್ಚುವರಿ ಬ್ರ್ಯಾಕೆಟ್ ಬರುತ್ತೆ.

ಹೊಸದು ಹಳೆಯದಕ್ಕಿಂತ ಚಿಕ್ಕದಾದಾಗ ಮಾತ್ರ ಬರುತ್ತದೆ. ಹಳೆಯದರ ಬಾಲ ಅಲ್ಲೇ ಉಳಿದಿರುತ್ತದೆ. ಬರೆದ ಮೇಲೆ ಟ್ರಂಕೇಟ್ ಕರೆಯಿರಿ, ಆ ಬಾಲವನ್ನು ಅದು ಕತ್ತರಿಸುತ್ತದೆ.

ಫಾರ್ ಲೂಪ್‌ನಲ್ಲಿ ಸಾಲು ಓದುತ್ತಾ ಟೆಲ್ ಕರೆದರೆ ಓಎಸ್ ಎರರ್. ಹೊರಗೆ ಕರೆದರೆ 20 ಅಂಕಿಯ ಸಂಖ್ಯೆ. ನನ್ನ ಫೈಲ್ ಅಷ್ಟು ದೊಡ್ಡದೇ ಇಲ್ಲ!

ಟೆಕ್ಸ್ಟ್ ಫೈಲ್‌ನ ಟೆಲ್ ಬೈಟ್ ಸಂಖ್ಯೆ ಕೊಡುತ್ತೇನೆ ಎಂದು ಎಲ್ಲೂ ಹೇಳಿಲ್ಲ. ಅದನ್ನು ಸೀಕ್‌ಗೆ ವಾಪಸ್ ಕೊಡಬಹುದು, ಅಷ್ಟೇ ಭರವಸೆ. ಒಳಗೆ ಏನಿದೆ ಎಂದರೆ, ಕೆಳಗಿನ 64 ಬಿಟ್‌ನಲ್ಲಿ ಸ್ಥಾನ, ಅದರ ಮೇಲಿನ ಬಿಟ್‌ಗಳಲ್ಲಿ ಡಿಕೋಡರ್‌ನ ಆಗಿನ ಸ್ಥಿತಿ. ಸ್ಥಿತಿ ಸೊನ್ನೆ ಇದ್ದಾಗ ಸಂಖ್ಯೆ ಮಾಮೂಲಿ ಬೈಟ್ ಲೆಕ್ಕದಂತೆ ಕಾಣುತ್ತದೆ, ನಾವು ಮೋಸ ಹೋಗುತ್ತೇವೆ. ಸೊನ್ನೆ ಅಲ್ಲದಾಗ 18446744073709551616ಕ್ಕಿಂತ ದೊಡ್ಡ ಸಂಖ್ಯೆ ಸಿಗುತ್ತದೆ. ಅದು ಎರಡರ 64ನೇ ಘಾತ.

ಫಾರ್ ಲೂಪ್ ವೇಗಕ್ಕಾಗಿ ಈ ಸ್ಥಿತಿಯ ಲೆಕ್ಕ ಇಡುವುದನ್ನೇ ನಿಲ್ಲಿಸುತ್ತದೆ, ಅದಕ್ಕೇ ಎರರ್. ಲೂಪ್ ಕೊನೆ ಮುಟ್ಟಿದ ಮೇಲೆ ಟೆಲ್ ಮತ್ತೆ ಕೆಲಸ ಮಾಡುತ್ತದೆ. ಪ್ರತಿ ಸಾಲಿನ ಸ್ಥಾನ ಬೇಕೇ ಬೇಕು ಅಂದರೆ ವೈಲ್ ಲೂಪ್‌ನಲ್ಲಿ ರೀಡ್‌ಲೈನ್ ಬಳಸಿ. ಇಂಡೆಕ್ಸ್ ಕಟ್ಟುವ ಕೆಲಸವಾದರೆ ಬೈನರಿ ಮೋಡ್‌ನಲ್ಲಿ ತೆರೆಯಿರಿ. ಅಲ್ಲಿ ಟೆಲ್ ನಿಜವಾದ ಬೈಟ್ ಲೆಕ್ಕ, ಫಾರ್ ಲೂಪ್‌ನಲ್ಲೂ ನಡೆಯುತ್ತದೆ.

ಎ+ (ಓದುವ, ಕೊನೆಗೆ ಸೇರಿಸುವ) ಮೋಡ್‌ನಲ್ಲಿ ತೆರೆದು ಓದಿದರೆ ಏನೂ ಬರಲ್ಲ. ಸೀಕ್ 0 ಮಾಡಿ ಬರೆದರೂ ಕೊನೆಗೇ ಹೋಗುತ್ತೆ.

ತೆರೆದ ಕೂಡಲೇ ಪೈಥಾನ್ ಕೊನೆಗೆ ಹೋಗಿ ನಿಂತಿರುತ್ತದೆ, ಓದಲು ಮುಂದೆ ಏನೂ ಇಲ್ಲ. ಸೀಕ್ 0 ಓದುವುದಕ್ಕೆ ಕೆಲಸ ಮಾಡುತ್ತದೆ. ಬರೆಯುವಾಗ ಮಾತ್ರ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಿಮ್ಮ ಸೀಕ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪ್ರೋಗ್ರಾಮ್ ಸುಮ್ಮನೆ ನಿಂತುಬಿಟ್ಟಿದೆ. ಫೈಲ್ ಹೆಸರಿನ ಜಾಗದಲ್ಲಿ ಫಾಲ್ಸ್ ಹೋಗಿದೆ ಅಂತ ಆಮೇಲೆ ಗೊತ್ತಾಯ್ತು. ಎರರ್ ಬರಬೇಕಿತ್ತಲ್ಲ?

ಓಪನ್ ಹೆಸರಿನ ಬದಲು ಸಂಖ್ಯೆಯನ್ನೂ ತೆಗೆದುಕೊಳ್ಳುತ್ತದೆ, ಅದು ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಫೈಲ್‌ಗೆ ಆಪರೇಟಿಂಗ್ ಸಿಸ್ಟಮ್ ಕೊಡುವ ಸಂಖ್ಯೆ, ಎಂದು. ಪೈಥಾನ್‌ನಲ್ಲಿ ಫಾಲ್ಸ್ ಅಂದರೆ 0, 0 ಅಂದರೆ ಕೀಬೋರ್ಡ್ ಕಡೆಯ ಸ್ಟ್ಯಾಂಡರ್ಡ್ ಇನ್‌ಪುಟ್. ಪ್ರೋಗ್ರಾಮ್ ನೀವು ಟೈಪ್ ಮಾಡಲಿ ಎಂದು ಕಾಯುತ್ತಾ ಕೂತಿದೆ. ಟ್ರೂ ಹೋಗಿದ್ದರೆ ಇನ್ನೂ ಚೆನ್ನ: ಅದು 1, ಸ್ಟ್ಯಾಂಡರ್ಡ್ ಔಟ್‌ಪುಟ್. ವಿತ್ ಮುಗಿದಾಗ ಅದನ್ನೇ ಮುಚ್ಚುತ್ತದೆ, ಆಮೇಲೆ ಪ್ರಿಂಟ್ ಕೆಲಸ ಮಾಡುವುದಿಲ್ಲ. ಈಚಿನ ಆವೃತ್ತಿಗಳು ಇಂಥ ಕಡೆ ಎಚ್ಚರಿಕೆ ಕೊಡುತ್ತವೆ. ಸೆಟ್ಟಿಂಗ್ಸ್ ಫೈಲ್‌ನಿಂದ ಬಂದ ಹೆಸರನ್ನು ಮೊದಲು ಪಾತ್ ಆಬ್ಜೆಕ್ಟ್ ಮಾಡಿಕೊಂಡರೆ ಅಲ್ಲೇ ಟೈಪ್ ಎರರ್ ಸಿಗುತ್ತದೆ.

ಅದೇ ಫೈಲ್. ಫಾರ್ ಲೂಪ್‌ನಲ್ಲಿ ಎಣಿಸಿದರೆ ಒಂದು ಲೆಕ್ಕ, ರೀಡ್ ಮಾಡಿ ಸ್ಪ್ಲಿಟ್‌ಲೈನ್ಸ್ ಅಂದರೆ ಜಾಸ್ತಿ ಸಾಲು.

ಫೈಲ್ ಪದರಕ್ಕೆ ಸಾಲಿನ ಕೊನೆ ಅಂದರೆ ನ್ಯೂಲೈನ್, ಕ್ಯಾರೇಜ್ ರಿಟರ್ನ್ ಅಥವಾ ಎರಡೂ ಸೇರಿದ್ದು. ಸ್ಪ್ಲಿಟ್‌ಲೈನ್ಸ್ ಫಾರ್ಮ್ ಫೀಡ್ (ಹೊಸ ಪುಟದ ಗುರುತು) ಸಿಕ್ಕರೂ ಕತ್ತರಿಸುತ್ತದೆ, ಯುನಿಕೋಡ್‌ನ ಇನ್ನೂ ಕೆಲವು ಚಿಹ್ನೆಗಳಿಗೂ ಕತ್ತರಿಸುತ್ತದೆ. ಪಿಡಿಎಫ್‌ನಿಂದ ತೆಗೆದ ಪಠ್ಯದಲ್ಲಿ ಪುಟದ ಕೊನೆಗೆ ಫಾರ್ಮ್ ಫೀಡ್ ಇರುವುದು ಮಾಮೂಲು, ಮೊದಲು ಅಲ್ಲೇ ಹುಡುಕಿ.

## ಫೈಲ್ ಹೆಸರು, ಫೋಲ್ಡರ್, ಜಿಪ್

ಫೋಲ್ಡರ್‌ನಲ್ಲಿ ಫೈಲ್ ಹುಡುಕುವ ಗ್ಲಾಬ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಫೈಲ್‌ಗಳನ್ನು ಯಾವಾಗಲೂ ಅಕಾರಾದಿಯಲ್ಲೇ ಕೊಡುತ್ತೆ. ಸಾರ್ಟ್ ಮಾಡೋದು ದಂಡ ಅಲ್ವಾ?

ಹೀಗೆ ನಂಬಿದ್ದರಿಂದ ವಿಜ್ಞಾನಕ್ಕೇ ಏಟು ಬಿದ್ದಿದೆ. 2014ರಲ್ಲಿ ನೇಚರ್ ಪ್ರೋಟೋಕಾಲ್ಸ್ ಪತ್ರಿಕೆಯ ಒಂದು ಲೇಖನದ ಜೊತೆ ಪೈಥಾನ್ ಸ್ಕ್ರಿಪ್ಟ್‌ಗಳು ಬಂದವು. ಅಣುಗಳ ರಚನೆ ತಿಳಿಯುವ ಎನ್‌ಎಂಆರ್ ಲೆಕ್ಕಕ್ಕೆ ರಸಾಯನ ವಿಜ್ಞಾನಿಗಳು ಅವನ್ನು ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ಅದನ್ನು ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಓಡಿಸಿದಾಗ ಅದೇ ಡೇಟಾಗೆ ಬೇರೆ ಬೇರೆ ಉತ್ತರ ಬಂತು. ಕಾರಣ ಗ್ಲಾಬ್. ಫೈಲ್‌ಗಳು ಕ್ರಮವಾಗಿ ಬರುತ್ತವೆ ಎಂದು ಸ್ಕ್ರಿಪ್ಟ್ ನಂಬಿತ್ತು, ಕ್ರಮ ಕೊಡುವುದು ಫೈಲ್ ಸಿಸ್ಟಮ್‌ನ ಮರ್ಜಿ. 'ಕ್ರಮದ ಖಾತ್ರಿ ಇಲ್ಲ' ಎಂದು ಡಾಕ್ಯುಮೆಂಟೇಷನ್‌ನಲ್ಲೇ ಇದೆ.

ಸಾರ್ಟೆಡ್ ಒಳಗೆ ಹಾಕಿ, ಕೆಲಸ ಮುಗಿಯಿತು. 'ಅಧ್ಯಾಯ10' ಮಾತ್ರ 'ಅಧ್ಯಾಯ2'ಕ್ಕಿಂತ ಮುಂಚೆ ಬರುತ್ತದೆ, ಅಂಕಿಯನ್ನು ಬೇರೆ ಮಾಡಿ ಇಂಟ್‌ಗೆ ಬದಲಾಯಿಸಿ ಸಾರ್ಟ್ ಮಾಡಬೇಕು. ಅಂದ ಹಾಗೆ ಇಂಟ್‌ಗೆ '೧೦' ಎಂದು ಕನ್ನಡ ಅಂಕಿಯಲ್ಲೇ ಕೊಟ್ಟರೂ 10 ಕೊಡುತ್ತದೆ. ಅನೇಕರಿಗೆ ಗೊತ್ತಿಲ್ಲ.

'ಕೋಷ್ಟಕ' ಅನ್ನೋ ಫೈಲ್ ಹಳೇ ಮ್ಯಾಕ್‌ನಿಂದ ಕಾಪಿ ಮಾಡಿದೆ. ಲಿಸ್ಟ್‌ಡಿರ್‌ನಲ್ಲಿ ಹೆಸರು ಕಾಣುತ್ತೆ, ಹೋಲಿಸಿದರೆ ಫಾಲ್ಸ್!

ಯುನಿಕೋಡ್‌ನಲ್ಲಿ 'ಕೋ' ಬರೆಯಲು ಒಂದಕ್ಕಿಂತ ಹೆಚ್ಚು ದಾರಿ. ಕ ಮತ್ತು ಒಂದೇ ಓತ್ವ ಚಿಹ್ನೆ, ಇದು ನಾವು ಟೈಪ್ ಮಾಡುವುದು. ಅಥವಾ ಓತ್ವವನ್ನು ಬಿಡಿಸಿ ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರು ಚಿಹ್ನೆ. ಪರದೆಯಲ್ಲಿ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್+ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ಲಿನಕ್ಸ್‌ಗೆ ಹೆಸರು ಅಂದರೆ ಬರೀ ಬೈಟ್‌ಗಳು, ಪೈಥಾನ್ ಕೂಡ ಹೋಲಿಸುವಾಗ ಸರಿಪಡಿಸುವುದಿಲ್ಲ. ೀ, ೇ, ೈ, ೊ, ೋ ಈ ಐದಕ್ಕೂ ಇದೇ ಕಥೆ. ಯುನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ನಿಂದ ಎರಡೂ ಕಡೆ ಎನ್‌ಎಫ್‌ಸಿ (ಕೂಡಿಸಿದ) ರೂಪಕ್ಕೆ ತಂದು ಹೋಲಿಸಿ. ಆದರೆ ಫೈಲ್ ತೆರೆಯುವಾಗ ಲಿಸ್ಟ್‌ಡಿರ್ ಕೊಟ್ಟ ಮೂಲ ಹೆಸರನ್ನೇ ಬಳಸಿ.

ಜಿಪ್‌ನೊಳಗಿನ ಕನ್ನಡ ಹೆಸರುಗಳು ಗೆರೆ, ಚೌಕಗಳಾಗಿ ಬರುತ್ತವೆ. ಕಳೆದೇ ಹೋದವಾ?

ಇಲ್ಲ. ಜಿಪ್ ಮಾಡಿದ ಸಾಫ್ಟ್‌ವೇರ್ 'ಇದು ಯುಟಿಎಫ್-8' ಎನ್ನುವ ಒಂದು ಬಿಟ್ ಹಾಕದಿದ್ದರೆ, ಜಿಪ್‌ಫೈಲ್ ಮಾಡ್ಯೂಲ್ ಡಾಸ್ ಕಾಲದ ಸಿಪಿ437 ಎಂದುಕೊಂಡು ಓದುತ್ತದೆ. ಆ ಪಟ್ಟಿಯಲ್ಲಿ ಖಾಲಿ ಜಾಗ ಇಲ್ಲ, ಹಾಗಾಗಿ ಒಂದು ಬೈಟೂ ನಷ್ಟವಾಗಿರುವುದಿಲ್ಲ. ಹೆಸರನ್ನು ಸಿಪಿ437ಕ್ಕೆ ಎನ್‌ಕೋಡ್ ಮಾಡಿ, ಯುಟಿಎಫ್-8 ಎಂದು ಡಿಕೋಡ್ ಮಾಡಿದರೆ ಕನ್ನಡ ವಾಪಸ್. 3.11ರಿಂದ ಮೆಟಾಡೇಟಾ ಎನ್‌ಕೋಡಿಂಗ್ ಎಂಬ ಆರ್ಗ್ಯುಮೆಂಟೇ ಇದೆ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಸೇವ್ ಆಗುವಾಗಲೇ ಕರೆಂಟ್ ಹೋಯ್ತು. ಹಳೆಯದೂ ಇಲ್ಲ, ಹೊಸದೂ ಇಲ್ಲ. ಫ್ಲಶ್ ಹಾಕಿದ್ದೆನಲ್ಲ?

ಡಬ್ಲ್ಯೂ ಮೋಡ್‌ನಲ್ಲಿ ಓಪನ್ ಅಂದ ಕ್ಷಣವೇ ಹಳೆಯದು ಅಳಿಸಿಹೋಗುತ್ತದೆ, ರೈಟ್ ತನಕ ಕಾಯುವುದಿಲ್ಲ. ಫ್ಲಶ್ ಕರ್ನಲ್‌ಗೆ ತಲುಪಿಸುತ್ತದೆ, ಡಿಸ್ಕ್‌ಗಲ್ಲ. ಡಿಸ್ಕ್‌ಗೆ ಬರೆಸಲು ಓಎಸ್ ಮಾಡ್ಯೂಲ್‌ನ ಎಫ್‌ಸಿಂಕ್ ಬೇಕು. ಕ್ಲೋಸ್ ಅದನ್ನು ತಾನಾಗಿ ಮಾಡುವುದಿಲ್ಲ.

ಸರಿಯಾದ ದಾರಿ ಹೀಗೆ: ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಫೈಲ್ ಮಾಡಿ, ಬರೆದು, ಫ್ಲಶ್, ಎಫ್‌ಸಿಂಕ್, ಕ್ಲೋಸ್. ಆಮೇಲೆ ಓಎಸ್ ಮಾಡ್ಯೂಲ್‌ನ ರಿಪ್ಲೇಸ್. ರಿನೇಮ್ ಅಲ್ಲ, ಏಕೆಂದರೆ ಅದು ಲಿನಕ್ಸ್‌ನಲ್ಲಿ ಹಳೆಯ ಫೈಲ್ ಮೇಲೆ ಸದ್ದಿಲ್ಲದೆ ಕೂರುತ್ತದೆ, ವಿಂಡೋಸ್‌ನಲ್ಲಿ ಎರರ್ ಕೊಡುತ್ತದೆ. 3.3ರಲ್ಲಿ ರಿಪ್ಲೇಸ್ ಬಂದದ್ದೇ ಈ ತೊಂದರೆಗೆ.

'ಅದೇ ಫೋಲ್ಡರ್' ಎಂದು ಒತ್ತಿ ಹೇಳಲು ಕಾರಣವಿದೆ. ಟೆಂಪ್ ಫೋಲ್ಡರ್ ಬೇರೆ ಫೈಲ್ ಸಿಸ್ಟಮ್ ಆಗಿದ್ದರೆ ರಿಪ್ಲೇಸ್ 'ಕ್ರಾಸ್ ಡಿವೈಸ್' ಎರರ್ ಕೊಡುತ್ತದೆ. ಅದಕ್ಕೆ ಹೆದರಿ ಶಟಿಲ್ ಮಾಡ್ಯೂಲ್‌ನ ಮೂವ್ ಬಳಸಿದರೆ ಅದು ಕಾಪಿ ಮಾಡಿ ಅಳಿಸುತ್ತದೆ, ನಡುವೆ ಕರೆಂಟ್ ಹೋದರೆ ಮತ್ತೆ ಅದೇ ಗೋಳು.

ಇನ್ನೊಂದು ಒಳಪೆಟ್ಟು: ಟೆಂಪ್‌ಫೈಲ್ ಮಾಡ್ಯೂಲ್‌ನ ಎಂಕೆಎಸ್‌ಟೆಂಪ್ ಮಾಡುವ ತಾತ್ಕಾಲಿಕ ಫೈಲನ್ನು ಮಾಡಿದ ಯೂಸರ್ ಮಾತ್ರ ಓದಬಹುದು. ರಿಪ್ಲೇಸ್ ಆದ ಮೇಲೆ ಆ ಪರ್ಮಿಷನ್ನೇ ಉಳಿಯುತ್ತದೆ. ನಿನ್ನೆ ತನಕ ಆ ಫೈಲ್ ಓದುತ್ತಿದ್ದ ವೆಬ್ ಸರ್ವರ್ ಇವತ್ತು 'ಪರ್ಮಿಷನ್ ಡಿನೈಡ್' ಅನ್ನುತ್ತದೆ. ರಿಪ್ಲೇಸ್‌ಗೆ ಮೊದಲು ಹಳೆಯ ಫೈಲ್‌ನ ಪರ್ಮಿಷನ್ ಅನ್ನು ಶಟಿಲ್‌ನ ಕಾಪಿಮೋಡ್‌ನಿಂದ ಹೊಸದಕ್ಕೆ ಹಾಕಿ.

ಎರಡು ಪ್ರೋಸೆಸ್ ಒಂದೇ ಲಾಗ್‌ಗೆ ಎ ಮೋಡ್‌ನಲ್ಲಿ ಬರೆಯುತ್ತವೆ. ಕೆಲವು ಸಾಲುಗಳು ನಡುವೆ ಕತ್ತರಿಸಿ ಬೆರೆತಿವೆ.

ಕರ್ನಲ್ ಪ್ರತಿ ಬರಹವನ್ನೂ ಕೊನೆಗೇ ಹಾಕುತ್ತದೆ, ತಪ್ಪು ಅಲ್ಲಿಲ್ಲ. ಪೈಥಾನ್‌ನ ಬಫರ್‌ಗೆ ಸಾಲು ಅಂದರೆ ಏನೆಂದೇ ಗೊತ್ತಿಲ್ಲ. ತುಂಬಿದಾಗ ಅರ್ಧ ಸಾಲಿದ್ದರೂ ಹೊರಗೆ ತಳ್ಳುತ್ತದೆ, ಉಳಿದರ್ಧ ಬರುವಷ್ಟರಲ್ಲಿ ಇನ್ನೊಂದು ಪ್ರೋಸೆಸ್ ನುಗ್ಗಿರುತ್ತದೆ. ಓಪನ್‌ಗೆ ಬಫರಿಂಗ್ 1 (ಸಾಲಿಗೊಮ್ಮೆ ಫ್ಲಶ್) ಎಂದು ಕೊಟ್ಟು, ಇಡೀ ಸಾಲನ್ನು ನ್ಯೂಲೈನ್ ಸಮೇತ ಒಂದೇ ರೈಟ್‌ನಲ್ಲಿ ಬರೆದರೆ ಲೋಕಲ್ ಡಿಸ್ಕ್‌ನಲ್ಲಿ ಈ ಕಾಟ ಬಹುಪಾಲು ತಪ್ಪುತ್ತದೆ. ಎನ್‌ಎಫ್‌ಎಸ್‌ನಂಥ ನೆಟ್‌ವರ್ಕ್ ಡಿಸ್ಕ್‌ನಲ್ಲಿ ಇದನ್ನೂ ನಂಬಬೇಡಿ. ಅಲ್ಲಿ ಒಂದೇ ಪ್ರೋಸೆಸ್ ಬರೆಯಲಿ, ಉಳಿದವು ಅದಕ್ಕೆ ಕಳಿಸಲಿ.

ಡಾಕ್ಯುಮೆಂಟೇಷನ್‌ನಲ್ಲಿ ಇಲ್ಲದ್ದನ್ನು ನಂಬಿ ಕೋಡ್ ಬರೆಯಬಹುದಾ?

ಇವತ್ತಿನ ಸ್ಕ್ರಿಪ್ಟ್‌ಗೆ ಬರೆಯಿರಿ, ಐದು ವರ್ಷ ಓಡಬೇಕಾದದ್ದಕ್ಕೆ ಬೇಡ. ಎರಡೂ ರೀತಿ ಆಗಿದೆ. ಡಿಕ್ಷನರಿ ಸೇರಿಸಿದ ಕ್ರಮವನ್ನೇ ಇಟ್ಟುಕೊಳ್ಳುವುದು 3.6ರಲ್ಲಿ ಒಳಗಿನ ವಿಷಯವಷ್ಟೇ ಆಗಿತ್ತು, 3.7ರಲ್ಲಿ ಭಾಷೆಯ ಭರವಸೆಯಾಯಿತು. ಬಫರ್ ಅಳತೆಗೆ ಆ ಭಾಗ್ಯ ಬರಲಿಲ್ಲ, ಈಚೆಗೆ ಅದನ್ನು ಹೆಚ್ಚಿಸಿದ್ದಾರೆ. 8192 ಬೈಟ್ ಆದ ಮೇಲೆ ತಾನಾಗಿ ಫ್ಲಶ್ ಆಗುತ್ತದೆ ಎಂದು ನಂಬಿ ಬರೆದ ಟೆಸ್ಟ್‌ಗಳು ಇದರಿಂದ ಒಡೆಯುತ್ತವೆ.

ಹಾಗಾದ್ರೆ ಒಳಗೆ ನಿಜವಾಗಿ ಏನು ನಡೆಯುತ್ತೆ ಅಂತ ಎಲ್ಲಿ ನೋಡೋದು? ಸಿ ಕೋಡ್ ಓದೋಕೆ ಬರಲ್ಲ.

ಸಿ ಬೇಕಾಗಿಲ್ಲ. ನಿಮ್ಮ ಪೈಥಾನ್ ಜೊತೆಯಲ್ಲೇ, ಸ್ಟ್ಯಾಂಡರ್ಡ್ ಲೈಬ್ರರಿ ಫೋಲ್ಡರ್‌ನಲ್ಲಿ, ಅಂಡರ್‌ಸ್ಕೋರ್ ಪಿವೈಐಓ ಎಂಬ ಫೈಲ್ ಇದೆ. ಮೂರೂ ಪದರಗಳನ್ನು ಶುದ್ಧ ಪೈಥಾನ್‌ನಲ್ಲೇ ಬರೆದಿದ್ದಾರೆ. ಓಡುವುದು ನಿಧಾನ, ಓದಲು ಬಲು ಸುಲಭ. ಟೆಕ್ಸ್ಟ್‌ಐಓರ‍್ಯಾಪರ್ ಎಂಬ ಕ್ಲಾಸ್ ಹುಡುಕಿ, ಅದರಲ್ಲಿ ಟೆಲ್ ಎಂಬ ಮೆಥಡ್‌ನಿಂದ ಶುರು ಮಾಡಿ. ಇದರ ಓಪನ್ ಬಳಸಿ ನಿಮ್ಮ ಫೈಲ್ ತೆರೆದರೆ ಡೀಬಗರ್ ಹಾಕಿ ಒಂದೊಂದೇ ಸಾಲು ಒಳಗೆ ಇಳಿಯಬಹುದು. ಕೆಲವು ಸಣ್ಣ ವಿವರಗಳಲ್ಲಿ ಅದು ಸಿ ಆವೃತ್ತಿಗಿಂತ ಬೇರೆ. ಹಾಗಾಗಿ ಅಲ್ಲಿ ಕಂಡದ್ದನ್ನು ಮಾಮೂಲಿ ಓಪನ್‌ನಲ್ಲೂ ಒಮ್ಮೆ ಓಡಿಸಿ ನೋಡಿ.